ಈ ಬ್ರೌಸರಿನಲ್ಲೇ ನೋಡಿ ಎಂದು ನಾನು ಬರೆಯಲಿಲ್ಲ

ಮಾಲೂರಿನ ಸ್ಟೇಷನ್ ರಸ್ತೆಯಲ್ಲಿ, ಒಂದು ಬಟ್ಟೆ ಅಂಗಡಿಯ ಮೇಲಿನ ಮಹಡಿಯಲ್ಲಿ ನಾನು ಕಂಪ್ಯೂಟರ್ ಕಲಿಸುತ್ತಿದ್ದೆ. ಹೊಸ ಶತಮಾನ ಶುರುವಾಗಿ ಕೆಲವೇ ವರ್ಷಗಳಾಗಿದ್ದವು. ಒಂದು ಮಧ್ಯಾಹ್ನ ಪಾಠದ ನಡುವೆ ಐವತ್ತು ದಾಟಿದ ಹೆಂಗಸೊಬ್ಬರು ಮೆಟ್ಟಿಲು ಹತ್ತಿ ಬಂದರು. ಚಪ್ಪಲಿಯನ್ನು ಬಾಗಿಲಲ್ಲೇ ಬಿಟ್ಟು, ಸಾಲಾಗಿ ಕೂತಿದ್ದ ಹುಡುಗಿಯರನ್ನು ದಾಟಿ, ನೇರ ನನ್ನ ಮೇಜಿನ ಮುಂದೆ ನಿಂತರು. ಸೆರಗಿನ ಅಂಚಿಗೆ ಕಲ್ಲಿನ ಪುಡಿ ಮೆತ್ತಿಕೊಂಡಿತ್ತು.

"ನಮ್ಮೆಜಮಾನ್ರ ಹೆಸರು ಕಂಪ್ಯೂಟರ್‌ನಾಗೆ ಕೆಟ್ಟೋಗೈತಂತೆ. ಸರಿ ಮಾಡಕ್ಕೆ ನಿಂಗೆ ಬರ್ತದೇನಮ್ಮ?" ಎಂದು ಕೇಳಿದರು.

ಕೂರಿಸಿ, ನೀರು ಕೊಟ್ಟು ವಿಚಾರಿಸಿದ ಮೇಲೆ ವಿಷಯ ತಿಳಿಯಿತು. ಅವರು ಶಿವಾರಪಟ್ಟಣದವರು. ಗಂಡ ದೇವರ ಮೂರ್ತಿ ಕೆತ್ತುವುದರಲ್ಲಿ ಹೆಸರು ಮಾಡಿದ್ದವರು, ಕೆಲವು ವರ್ಷಗಳ ಹಿಂದೆ ತೀರಿಹೋಗಿದ್ದರು. ಅವರ ಕೈಕೆಳಗೆ ಕಲಿತವರು ಉಳಿ ಹಿಡಿದು ಕೆಲಸ ಮುಂದುವರಿಸಿದ್ದರು. ಕಲ್ಲು ಆರಿಸುವುದು, ದೇವಸ್ಥಾನದ ಕಮಿಟಿಯವರ ಜೊತೆ ಮಾತಾಡುವುದು, ಒಪ್ಪಿಕೊಂಡ ದಿನಕ್ಕೆ ಮೂರ್ತಿಯನ್ನು ಲಾರಿ ಹತ್ತಿಸುವುದು, ಇದೆಲ್ಲ ಈಕೆಯದು. ಕಮಿಟಿಯವರೊಬ್ಬರ ಮಾತು ಕೇಳಿ ಬೆಂಗಳೂರಿನ ಒಂದು ಕಂಪನಿಯಿಂದ ವೆಬ್‌ಸೈಟ್ ಮಾಡಿಸಿದ್ದರು. ತಮ್ಮನ ಮನೆಯ ಕಂಪ್ಯೂಟರಿನಲ್ಲಿ ಅದು ಚೆನ್ನಾಗಿಯೇ ಕಂಡಿತ್ತು. ಆಮೇಲೆ ಹೊರದೇಶದಲ್ಲಿ ನೆಲೆಸಿದ್ದ ಒಬ್ಬರು ಮುಳಬಾಗಿಲಿನ ನೆಂಟರ ಮನೆಗೆ ಬಂದವರು ಶಿವಾರಪಟ್ಟಣಕ್ಕೂ ಹೋಗಿ, ನಿಮ್ಮ ಪುಟದಲ್ಲಿ ಏನೂ ಓದಲಿಕ್ಕಾಗುವುದಿಲ್ಲ, ಚಿತ್ರಗಳೆಲ್ಲ ಒಂದರ ಮೇಲೊಂದು ಬಿದ್ದಿವೆ, ಕೆಲಸ ನಿಲ್ಲಿಸಿಬಿಟ್ಟಿದ್ದೀರೇನೋ ಅಂದುಕೊಂಡಿದ್ದೆ ಎಂದು ಹೇಳಿಹೋಗಿದ್ದರು. ಆ ಕೊನೆಯ ಮಾತು ಈಕೆಗೆ ನಾಟಿತ್ತು.

ನಮ್ಮಲ್ಲಿದ್ದ ಕಂಪ್ಯೂಟರುಗಳ ಪೈಕಿ ಒಂದರಲ್ಲಿ ನಾನು ಎರಡು ಬ್ರೌಸರ್ ಇಟ್ಟಿದ್ದೆ. ಒಂದು ಎಲ್ಲ ಯಂತ್ರಗಳ ಜೊತೆಗೂ ತಾನಾಗಿಯೇ ಬರುತ್ತಿದ್ದದ್ದು. ಇನ್ನೊಂದನ್ನು ಕಂಪ್ಯೂಟರ್ ಪತ್ರಿಕೆಯ ಜೊತೆ ಬಂದ ಸಿಡಿಯಿಂದ ನಾನೇ ಹಾಕಿಕೊಂಡಿದ್ದೆ. ಮೊದಲನೆಯದರಲ್ಲಿ ಪುಟ ತೆರೆದೆ. ಮೂರ್ತಿಗಳ ಹಿಂದೆ ನೆರಳು, ಒಂದು ಚಿತ್ರ ಕರಗಿ ಇನ್ನೊಂದು ಮೂಡುವ ಚಂದ, ಪಕ್ಕದ ಸ್ಕ್ರಾಲ್ ಬಾರಿಗೂ ಬಂಗಾರದ ಬಣ್ಣ. ಎರಡನೆಯದರಲ್ಲಿ ತೆರೆದೆ. ಗಣಪತಿಯ ಮೇಲೆ ವೆಂಕಟೇಶ್ವರ, ಅವನ ಮೇಲೆ ದುರ್ಗೆ, ಎಲ್ಲರ ಮೇಲೆ ಅಡ್ಡಾದಿಡ್ಡಿ ಸಾಲುಗಳು. ಕನ್ನಡ ಇರಬೇಕಾದ ಜಾಗದಲ್ಲಿ ಟೋಪಿ ಹಾಕಿಕೊಂಡ ಇಂಗ್ಲಿಷ್ ಅಕ್ಷರಗಳು, 'ನ' ಇರಬೇಕಾದ ಕಡೆಯೆಲ್ಲ ಪೌಂಡಿನ ಚಿಹ್ನೆ. ಆಕೆ ಪರದೆಗೆ ಮುಖ ಹತ್ತಿರ ತಂದು ನೋಡಿದರು.

"ಇದ್ರಾಗೆ ಅವ್ರ ಹೆಸರು ಯಾವ್ದು?"

ತೋರಿಸಿದೆ. ಪುಟದ ಅಡಿಯಲ್ಲಿ ಇಂಗ್ಲಿಷಿನಲ್ಲಿ ಒಂದು ಸಾಲಿತ್ತು. ಅದೇನೆಂದು ಕೇಳಿದರು. ಈ ಪುಟ ಇಂಥ ಬ್ರೌಸರಿನಲ್ಲಿ ಮಾತ್ರ ಚೆನ್ನಾಗಿ ಕಾಣುತ್ತದೆ, ಅದರಲ್ಲೇ ನೋಡಿ ಅಂತ ಬರೆದಿದ್ದಾರೆ ಎಂದೆ.

"ನಮ್ಮನೆಗೆ ಬರೋರು ಎಂಥ ಚಪ್ಪಲಿ ಹಾಕ್ಕೊಂಡ್ ಬರ್ಬೇಕು ಅನ್ನಕ್ಕೆ ಇವನ್ಯಾರು?" ಎಂದರು.

ನಾನು ಆ ಸಾಲನ್ನು ಬಹಳ ದಿನಗಳಿಂದ ದ್ವೇಷಿಸುತ್ತಿದ್ದೆ. ಹೀಗೆ ಬೈಯಲು ಮಾತ್ರ ನನಗೆ ಹೊಳೆದಿರಲಿಲ್ಲ.

ನಾನು ಮುಳಬಾಗಿಲಿನವಳು. ನಮ್ಮದು ಲೆಕ್ಕ ಬರೆಯುವವರ ಮನೆತನ. ತಾತ ಶ್ಯಾನುಭೋಗರು, ಅಪ್ಪ ಅಕೌಂಟೆಂಟು. ಕೋಲಾರದಲ್ಲಿ ಬಿ.ಎಸ್‌ಸಿ. ಮುಗಿಸಿದ ಮೇಲೆ ಬ್ಯಾಂಕ್ ಪರೀಕ್ಷೆ ಬರೆಯಲಿ ಎಂದು ಅಪ್ಪ, ಮದುವೆಯಾಗಲಿ ಎಂದು ಅಮ್ಮ ಕಾಯುತ್ತಿದ್ದಾಗ ನಾನು ಎರಡನ್ನೂ ಬಿಟ್ಟು ಕೋಲಾರದಲ್ಲೊಂದು ಕೋಣೆ ಹಿಡಿದು, ದಿನಾ ಮಾಲೂರಿಗೆ ಬಸ್ಸಿನಲ್ಲಿ ಹೋಗಿಬರುವ ಈ ಕೆಲಸಕ್ಕೆ ಸೇರಿದ್ದೆ. ಹಠಮಾರಿ ಎನ್ನುತ್ತಿದ್ದರು. ಸುಳ್ಳೇನಲ್ಲ.

ವೆಬ್ ಪುಟ ಬರೆಯುವುದನ್ನು ನನಗೆ ಯಾರೂ ಕಲಿಸಲಿಲ್ಲ. ಬೇರೆಯವರ ಪುಟದ ಒಳಗನ್ನು ತೆರೆದು ನೋಡಿ ನೋಡಿ ಕಲಿತೆ. ಪುಟದಲ್ಲಿ ಏನಿದೆ ಎಂದು ಹೇಳುವುದು ಒಂದು, ಅದು ಹೇಗೆ ಕಾಣಬೇಕು ಎಂದು ಹೇಳುವುದು ಇನ್ನೊಂದು. ಬಣ್ಣ, ಅಂಚು, ಅಳತೆ, ಜಾಗ, ಇವನ್ನೆಲ್ಲ ಹೇಳುವ ಭಾಷೆಗೆ ಸಿಎಸ್ಎಸ್ ಎಂದು ಹೆಸರು. ಅದರಲ್ಲಿ ಯಾವ ಪದಕ್ಕೆ ಏನರ್ಥ ಎಂಬುದನ್ನು ತಿಳಿದವರೆಲ್ಲ ಕೂತು, ಜಗಳವಾಡಿ, ಒಪ್ಪಿ ಬರೆದಿಟ್ಟಿದ್ದರು. ಆ ದಸ್ತಾವೇಜನ್ನು ಸೈಬರ್ ಸೆಂಟರಿನಿಂದ ಫ್ಲಾಪಿಗೆ ಇಳಿಸಿಕೊಂಡು ಬಂದು ಓದಿದ್ದೆ. ಅರ್ಧ ಅರ್ಥವಾಗಿತ್ತು. ಆದರೆ ಬ್ರೌಸರ್ ಮಾಡುವ ಕಂಪನಿಗಳು ಆ ಒಪ್ಪಂದದ ಜೊತೆಗೆ ತಮ್ಮ ತಮ್ಮ ಪದಗಳನ್ನೂ ಸೇರಿಸಿಬಿಡುತ್ತಿದ್ದವು. ನೆರಳಿಗೆ ಒಂದು, ಕರಗಿಸುವುದಕ್ಕೆ ಒಂದು, ಸ್ಕ್ರಾಲ್ ಬಾರಿನ ಬಣ್ಣಕ್ಕೆ ಒಂದು. ಒಬ್ಬರ ಪದ ಇನ್ನೊಬ್ಬರ ಬ್ರೌಸರಿಗೆ ತಿಳಿಯದು. ಪುಟ ಬರೆಯುವವರಿಗೆ ಆ ಥಳಕು ಸಲೀಸಾಗಿ ಸಿಗುತ್ತಿತ್ತು, ಬಳಸಿಬಿಡುತ್ತಿದ್ದರು. ಕಾಣದವರಿಗೆ ಅಡಿಯಲ್ಲಿ ಆ ಒಂದು ಸಾಲು.

ಕನ್ನಡದ ಪಾಡು ಇನ್ನೂ ಕೆಟ್ಟದಾಗಿತ್ತು. ಆಗಿನ ಪುಟಗಳಲ್ಲಿ ಬಹುಪಾಲು ಕನ್ನಡ, ಕನ್ನಡವೇ ಆಗಿರಲಿಲ್ಲ. ಒಳಗೆ ಇಂಗ್ಲಿಷ್ ಅಕ್ಷರಗಳ ಸಂಕೇತ, ಮೇಲೆ ಕನ್ನಡದ ಫಾಂಟು ಹೊದಿಸಿದ್ದು. ಫಾಂಟನ್ನು ಪುಟದ ಜೊತೆಗೇ ಕಳಿಸುವ ಉಪಾಯವೊಂದಿತ್ತು. ಅದು ಒಂದೇ ಬ್ರೌಸರಿನಲ್ಲಿ ನಡೆಯುತ್ತಿತ್ತು. ಬೇರೆ ಕಡೆ ಹೊದಿಕೆ ಜಾರಿ ಒಳಗಿನದು ಬಯಲಾಗುತ್ತಿತ್ತು. ಆ ಹೆಂಗಸಿನ ಗಂಡನ ಹೆಸರಿಗೆ ಆಗಿದ್ದು ಅದೇ.

ಮೊದಲು ಬೆಂಗಳೂರಿನ ಕಂಪನಿಗೆ ಫೋನ್ ಮಾಡಿದೆ. ಸೈಟ್ ಮಾಡಿದ ಹುಡುಗನೇ ಮಾತಿಗೆ ಸಿಕ್ಕಿದ. ಒರಟನಲ್ಲ, ಆದರೆ ನಾನು ಮಾಲೂರಿನಿಂದ ಮಾತಾಡುತ್ತಿದ್ದೇನೆ ಎಂದು ತಿಳಿದ ಮೇಲೆ ಸ್ವಲ್ಪ ನಿಧಾನವಾಗಿ, ಬಿಡಿಸಿ ಬಿಡಿಸಿ ಹೇಳತೊಡಗಿದ. ಪ್ರಪಂಚವೆಲ್ಲ ಆ ಬ್ರೌಸರನ್ನೇ ಬಳಸುತ್ತದೆ, ಉಳಿದವು ಇನ್ನೇನು ಸಾಯುತ್ತವೆ, ನೋಡುವವರೇ ಬ್ರೌಸರ್ ಬದಲಾಯಿಸಿಕೊಳ್ಳಲಿ ಎಂದ. ಬದಲಾಯಿಸದೇ ಇರುವವರು ಏನು ಮಾಡಬೇಕು ಎಂದು ಕೇಳಿದೆ.

"ಅಂಥವರು ಕ್ಲೈಂಟ್‌ಗೆ ಬೇಕಾದ ಗಿರಾಕಿಗಳಲ್ಲ ಮೇಡಂ."

"ಅದನ್ನ ಹೇಳ್ಬೇಕಾದವರು ಅವರು. ನೀವೂ ಅಲ್ಲ, ನಾನೂ ಅಲ್ಲ" ಎಂದು ಫೋನ್ ಇಟ್ಟೆ.

ಪುಟವನ್ನು ಮೊದಲಿನಿಂದ ಬರೆಯುವುದಾಗಿ ಒಪ್ಪಿಕೊಂಡೆ. ನಮ್ಮ ಸೆಂಟರಿನ ಯಜಮಾನರಿಗೆ ಈ ಕೆಲಸ ಸಿಕ್ಕಿದ್ದು ಸಂತೋಷವೇ. ಅವರು ಬ್ಯಾಂಕಿನಿಂದ ಅವಧಿಗೆ ಮೊದಲೇ ನಿವೃತ್ತಿ ಪಡೆದು ಈ ಸೆಂಟರ್ ತೆರೆದವರು. ಒಳ್ಳೆಯ ಮನುಷ್ಯ, ಯಾರ ಎದುರಿಗೂ ಇಲ್ಲ ಎನ್ನಲಾರರು. ಒಪ್ಪಂದದಲ್ಲಿರುವ ಪದಗಳನ್ನೇ ಬಳಸಿ ನಾನು ಚಿತ್ರಗಳನ್ನು ಒಂದರ ಪಕ್ಕ ಒಂದು ಜೋಡಿಸಿದೆ. ಕರಗುವುದು ಹೋಯಿತು, ನೆರಳು ಹೋಯಿತು. ಕನ್ನಡವನ್ನು ಯೂನಿಕೋಡಿನಲ್ಲಿ, ಎಂದರೆ ಒಳಗೂ ಹೊರಗೂ ಕನ್ನಡವೇ ಆಗಿರುವ ಸಂಕೇತದಲ್ಲಿ, ಮತ್ತೆ ಟೈಪ್ ಮಾಡಿದೆ. ಎರಡೂ ಬ್ರೌಸರುಗಳಲ್ಲಿ ತೆರೆದು ನೋಡಿದಾಗ ಪುಟ ಒಂದೇ ಥರ ನಿಂತಿತ್ತು. ಹುಡುಗಿಯರನ್ನೆಲ್ಲ ಕರೆದು ತೋರಿಸಿದೆ.

ಖುಷಿ ಹೆಚ್ಚು ಹೊತ್ತು ಉಳಿಯಲಿಲ್ಲ. ಯಜಮಾನರು ಅದನ್ನೇ ತಮ್ಮ ಮೇಜಿನ ಹಳೆಯ ಕಂಪ್ಯೂಟರಿನಲ್ಲಿ ತೆರೆದರು. ಚಿತ್ರಗಳು ಸರಿಯಾಗಿದ್ದವು. ಕನ್ನಡದ ಜಾಗದಲ್ಲಿ ಸಾಲು ಸಾಲು ಖಾಲಿ ಚೌಕಗಳು. ಪಕ್ಕದ, ಸ್ವಲ್ಪ ಹೊಸದಾದ ಯಂತ್ರದಲ್ಲಿ ಅಕ್ಷರ ಬಂದವು, ಒತ್ತು ಕೂರಲಿಲ್ಲ. ಶಿಲ್ಪಿ ಹೋಗಿ ಶಿಲ್‌ಪಿ ಆಗಿದ್ದರು.

"ಮೊದ್ಲು ಗೋಜಲು ಅಕ್ಷರ ಇತ್ತು, ಈಗ ಚೌಕ. ನೀನು ಮಾಡಿದ್ದೇನಮ್ಮ ಹಾಗಾದ್ರೆ?" ಎಂದರು ಯಜಮಾನರು. ಗೇಲಿ ಮಾಡಲಿಲ್ಲ, ನಿಜವಾಗಿಯೂ ಕೇಳಿದರು.

ಗೋಜಲಿದ್ದಾಗ ತಪ್ಪು ಪುಟದಲ್ಲಿತ್ತು. ಈಗ ಪುಟ ಸರಿಯಾಗಿದೆ, ಓದಲು ಬಾರದಿರುವುದು ಯಂತ್ರಕ್ಕೆ. ಯಂತ್ರ ಇವತ್ತಲ್ಲ ನಾಳೆ ಕಲಿಯುತ್ತದೆ. ಗೋಜಲು ಮಾತ್ರ ಎಂದೆಂದಿಗೂ ಗೋಜಲೇ ಎಂದೆ. ಅವರು ತಲೆಯಾಡಿಸಿ, ಅದುವರೆಗೆ ಏನು ಮಾಡ್ತೀಯ ಎಂದರು. ಆಕೆಯ ಗಂಡನ ಹೆಸರನ್ನೂ ಊರಿನ ಹೆಸರನ್ನೂ ಚಿತ್ರ ಮಾಡಿ ತಲೆಬರಹದಲ್ಲಿ ಹಾಕಿದೆ, ಎಲ್ಲ ಯಂತ್ರಗಳಲ್ಲೂ ಕಾಣಲಿ ಎಂದು. ಕೆಳಗೆ ಯೂನಿಕೋಡ್ ಕನ್ನಡ, ಅದರ ಕೆಳಗೆ ಇಂಗ್ಲಿಷ್. ಯಜಮಾನರು ಅಷ್ಟಕ್ಕೇ ಬಿಡದೆ, ಅಡಿಯಲ್ಲಿ ಆ ಒಂದು ಸಾಲು ಹಾಕಿಬಿಡು, ಯಾರೂ ನಮ್ಮನ್ನು ಕೇಳುವ ಹಾಗಿರುವುದಿಲ್ಲ ಎಂದರು. ಹಾಕುವುದಿಲ್ಲ ಎಂದೆ. ಕೇಳುವವರು ಕೇಳಲಿ.

ಶಿವಾರಪಟ್ಟಣಕ್ಕೆ ಹೋಗಿ ನಾನೇ ಹೇಳಿದೆ, ಹೊಸ ಪುಟ ಎಲ್ಲರಿಗೂ ತೆರೆಯುತ್ತದೆ, ಆದರೆ ಮೊದಲಿನಷ್ಟು ಮೆರುಗಿಲ್ಲ ಎಂದು. ಊರಿನ ಬೀದಿಯಲ್ಲಿ ಎರಡೂ ಕಡೆ ಉಳಿಯ ಸದ್ದು. ಆಕೆ ಅರ್ಧ ಕೆತ್ತಿದ ನಂದಿಯ ಪಕ್ಕ ಚಾಪೆ ಹಾಕಿ ಕೂರಿಸಿದರು. ತಮ್ಮನ ಮನೆಯಲ್ಲಿ ಆಗಲೇ ಹೊಸ ಪುಟ ನೋಡಿದ್ದರು. ಅವರಿಗೆ ಮೆಚ್ಚುಗೆಯಾಗಿರಲಿಲ್ಲ. ಶ್ರಾದ್ಧದ ಕಾರ್ಡಿನ ಥರ ಇದೆ ಎಂದರು. ನೆರಳು ಹೋಗಿದ್ದಕ್ಕೆ, ಚಿತ್ರ ಕರಗದಿದ್ದಕ್ಕೆ ಎಲ್ಲಕ್ಕೂ ಕಾರಣ ಕೇಳಿದರು. ಪ್ರತಿಯೊಂದಕ್ಕೂ ಹೇಳಿದೆ. ಅದನ್ನೆಲ್ಲ ಮನಸ್ಸಿಲ್ಲದೆ ಬಿಟ್ಟುಕೊಟ್ಟರು. ಕೊನೆಗೆ ಒಂದರಲ್ಲಿ ಪಟ್ಟು ಹಿಡಿದರು.

"ಆ ಬಂಗಾರದ ಪಟ್ಟಿ ಮಾತ್ರ ಇರ್ಲಿ ಕಣಮ್ಮ. ಅದ್ಯಾರಿಗೆ ಏನ್ ಮಾಡ್ತದೆ?"

ಸ್ಕ್ರಾಲ್ ಬಾರಿನ ಬಣ್ಣ. ಅದೂ ಒಂದೇ ಬ್ರೌಸರಿನ ಸ್ವಂತ ಪದ, ಒಪ್ಪಂದದಲ್ಲಿ ಇಲ್ಲದ್ದು. ಇಲ್ಲ ಎಂದುಬಿಟ್ಟೆ. ಆಕೆಯೂ ಬಿಡಲಿಲ್ಲ, ಯಾರಿಗೆ ತೊಂದರೆ ಹೇಳು ಎಂದು ಮತ್ತೆ ಮತ್ತೆ ಕೇಳಿದರು. ಬಸ್ಸಿನಲ್ಲಿ ವಾಪಸು ಬರುವಾಗ ಯೋಚಿಸಿದೆ. ತಿಳಿಯದ ಪದ ಸಿಕ್ಕರೆ ಬ್ರೌಸರ್ ಅದನ್ನು ದಾಟಿಕೊಂಡು ಮುಂದೆ ಹೋಗಬೇಕು ಎಂದು ಒಪ್ಪಂದದಲ್ಲೇ ಬರೆದಿತ್ತು. ಬಂಗಾರದ ಬಣ್ಣ ಒಬ್ಬರಿಗೆ ಕಾಣುತ್ತದೆ, ಇನ್ನೊಬ್ಬರಿಗೆ ಕಾಣುವುದಿಲ್ಲ. ಕಾಣದವರಿಗೆ ಓದಲು ಏನೂ ಕಡಿಮೆಯಾಗುವುದಿಲ್ಲ. ನೆರಳಿನ ಪದಕ್ಕೂ ಅದೇ ನ್ಯಾಯ. ನನ್ನ ಜಗಳ ಇದ್ದದ್ದು ಅಲಂಕಾರದ ಜೊತೆ ಅಲ್ಲ, ಬಾಗಿಲು ಹಾಕುವುದರ ಜೊತೆ. ಮರುದಿನ ಬಂಗಾರದ ಪಟ್ಟಿಯನ್ನೂ ಮೂರ್ತಿಗಳ ನೆರಳನ್ನೂ ವಾಪಸು ಹಾಕಿದೆ. ಚಿತ್ರಗಳನ್ನು ಒಂದರ ಮೇಲೊಂದು ಪೇರಿಸುವ ಆ ಕರಗುವ ಆಟವನ್ನು ಮಾತ್ರ ಹಾಕಲಿಲ್ಲ. ಆಕೆ ಫೋನ್ ಮಾಡಿ, ಈಗ ಮದುವೆ ಕಾರ್ಡಿನ ಥರ ಇದೆ ಎಂದರು.

ಮರುವರ್ಷ ಕೋಲಾರದ ಒಂದು ಖಾಸಗಿ ಮಹಿಳಾ ಕಾಲೇಜಿನವರು ಸೈಟ್ ಮಾಡಿಸಲು ಬಂದರು. ಅದರ ಕಾರ್ಯದರ್ಶಿಗೆ ಪುಟ ತೆರೆದ ಕೂಡಲೆ ನಾಟಕದ ಪರದೆಯ ಹಾಗೆ ಎರಡು ಕಡೆ ಸರಿಯಬೇಕು, ಮೆನುಗಳು ಜಾರಿಕೊಂಡು ಬರಬೇಕು, ಎಲ್ಲ ಆ ಒಂದೇ ಬ್ರೌಸರಿನ ಪದಗಳಲ್ಲಿ. ಅವರು ನೋಡಿ ಮೆಚ್ಚಿಕೊಂಡಿದ್ದ ಮಾದರಿ ಪುಟ ಹಾಗಿತ್ತು. ಬೇರೆ ಬ್ರೌಸರಿನಲ್ಲಿ ಆ ಪರದೆ ಸರಿಯುವುದೇ ಇಲ್ಲ, ಪುಟ ಅದರ ಹಿಂದೆಯೇ ಉಳಿಯುತ್ತದೆ. ನಾನು ಅವರ ಲ್ಯಾಬ್ ನೋಡಿಬಂದೆ. ಹಳೆಯ ಯಂತ್ರಗಳು, ಪುಕ್ಕಟೆ ಸಿಗುವ ತಂತ್ರಾಂಶ, ಆ ಬ್ರೌಸರ್ ಅಲ್ಲಿ ಇರಲೇ ಇಲ್ಲ, ಹಾಕಲೂ ಬರುತ್ತಿರಲಿಲ್ಲ. ನಿಮ್ಮದೇ ಹುಡುಗಿಯರು ನಿಮ್ಮದೇ ಲ್ಯಾಬಿನಲ್ಲಿ ಕೂತು ನಿಮ್ಮ ಪುಟ ನೋಡಲಾರರು ಎಂದು ಕಾರ್ಯದರ್ಶಿಗೆ ಹೇಳಿದೆ. ಸೈಟು ಹುಡುಗಿಯರಿಗಲ್ಲ, ತಂದೆತಾಯಿಗಳಿಗೆ ಎಂದರು. ಯಜಮಾನರು ನಡುವೆ ಬಂದು, ಆಗಲಿ ಸರ್, ನೀವು ಹೇಳಿದ ಹಾಗೆಯೇ ಮಾಡಿಸ್ತೀವಿ ಎಂದುಬಿಟ್ಟರು.

ಅವರು ಹೋದ ಮೇಲೆ ನಮ್ಮಿಬ್ಬರಿಗೂ ಮಾತು ಬೆಳೆಯಿತು. ಯಜಮಾನರು ಕೂಗಲಿಲ್ಲ. ಅವರಿಗೆ ಕೂಗಲು ಬರುತ್ತಿರಲಿಲ್ಲ.

"ನೋಡಮ್ಮ, ಊರೆಲ್ಲ ಒಂದ್ ದಾರಿ ಹಿಡಿದಾಗ ನೀನೊಬ್ಳೇ ಬೇರೆ ದಾರೀಲಿ ಹೋಗಿ ಯಾರಿಗೆ ಏನು ತೋರಿಸ್ತೀಯ? ಅಡೀಲಿ ಒಂದ್ ಸಾಲು ಬರ್ದು ಮುಗಿಸು."

"ಆ ಸಾಲು ಬರೆಯೋಕೆ ಬೇರೆಯವ್ರನ್ನ ಇಟ್ಕೊಳ್ಳಿ ಸರ್. ನಾನು ಬರೆಯಲ್ಲ."

ಅದು ರಾಜೀನಾಮೆ ಎಂದು ಹೇಳುವಾಗ ನನಗೇ ಗೊತ್ತಿರಲಿಲ್ಲ. ಹೇಳಿದ ಮೇಲೆ ಇಬ್ಬರಿಗೂ ಗೊತ್ತಾಯಿತು. ಆ ತಿಂಗಳ ಪಾಠ ಮುಗಿಸಿಕೊಟ್ಟು ಹೊರಬಂದೆ.

ಮುಳಬಾಗಿಲಿನ ಮನೆಯಲ್ಲಿ ಅಮ್ಮ, ಒಂದು ಸಾಲಿಗಾಗಿ ಯಾರಾದರೂ ಕೆಲಸ ಬಿಡುತ್ತಾರೆಯೇ ಎಂದು ಊಟ ಬಡಿಸುತ್ತಲೇ ಅತ್ತಳು. ಆ ವಾರವೇ ಜಾತಕಗಳು ಹೊರಬಂದವು. ನಾನು ಒಂದನ್ನೂ ನೋಡಲಿಲ್ಲ. ಅಪ್ಪ, ಆ ಸಾಲು ಬರೆದಿದ್ದರೆ ಅದು ಸುಳ್ಳಾಗುತ್ತಿತ್ತೇ ಎಂದು ಕೇಳಿದರು. ಸುಳ್ಳಲ್ಲ, ನಿಜವೇ, ಅದಕ್ಕೇ ಬರೆಯಬಾರದು, ಅದು ನಿಜವಾಗದ ಹಾಗೆ ಪುಟ ಮಾಡಬೇಕು ಎಂದೆ. ಅಪ್ಪನಿಗೆ ಅದು ಎಷ್ಟು ಹಿಡಿಸಿತೋ ತಿಳಿಯದು.

"ಸರಿ. ಬಿಟ್ಟದ್ದು ಬಿಟ್ಟೆ. ಈಗ ಹೆದರ್ಕೊಂಡು ವಾಪಸ್ ಹೋಗ್ಬೇಡ" ಎಂದರು.

ಕೋಲಾರದ ಕೋಣೆಯಲ್ಲೇ ಒಂದು ಕಂಪ್ಯೂಟರ್ ಇಟ್ಟುಕೊಂಡು ಸ್ವಂತ ಕೆಲಸ ಶುರುಮಾಡಿದೆ. ಬೆಳಿಗ್ಗೆ ಕಾಲೇಜು ಹುಡುಗಿಯರಿಗೆ ಪಾಠ, ಆಮೇಲೆ ಸಿಕ್ಕ ಪುಟಗಳು. ಸಿಕ್ಕಿದ್ದಕ್ಕಿಂತ ತಪ್ಪಿದ್ದೇ ಹೆಚ್ಚು. ಪರದೆ ಸರಿಯುವುದಿಲ್ಲವೇ ಎಂದು ಕೇಳಿ ಎದ್ದುಹೋದವರನ್ನು ನಾನು ತಡೆಯಲಿಲ್ಲ. ಬ್ರೌಸರ್ ಮಾಡುವವರಿಗೆ ತಪ್ಪುಗಳನ್ನು ತೋರಿಸಿ ಬರೆಯಲು ಕಲಿತೆ. ಕನ್ನಡದ ಒತ್ತಕ್ಷರ ಇಂಥಲ್ಲಿ ಒಡೆಯುತ್ತದೆ ಎಂದು ಕಂಪ್ಯೂಟರ್ ಪರದೆಯ ಚಿತ್ರ ಸಮೇತ ಕಳಿಸುತ್ತಿದ್ದೆ. ಎಷ್ಟೋ ಸಲ ಉತ್ತರ ಬರಲಿಲ್ಲ. ಒಂದು ಸಲ ಎಲ್ಲಿಯವನೋ ಒಬ್ಬ, ಕನ್ನಡದ ಗಂಧವಿಲ್ಲದವನು, ಈ ಅಕ್ಷರದ ಕೆಳಗೆ ಆ ಗುರುತು ಬರಬೇಕೋ ಪಕ್ಕದಲ್ಲಿ ಬರಬೇಕೋ ಎಂದು ಕೇಳಿದ. ಕಾಗದದ ಮೇಲೆ 'ಲ್ಪ' ಬರೆದು, ಸ್ಕ್ಯಾನ್ ಮಾಡಿ ಕಳಿಸಿದೆ. ಮುಂದಿನ ಆವೃತ್ತಿಯಲ್ಲಿ ಅದು ಸರಿಯಾಗಿತ್ತು. ನನ್ನಂತೆ ಇನ್ನೆಷ್ಟು ಜನ ಬರೆದಿದ್ದರೋ. ನಾನು ಮಾತ್ರ ಆ ದಿನ ಅಂಗಡಿಯಿಂದ ಮೈಸೂರ್ ಪಾಕ್ ತಂದು ಪಾಠದ ಹುಡುಗಿಯರಿಗೆಲ್ಲ ಹಂಚಿದೆ.

ಎಲ್ಲರೂ ಬಳಸುತ್ತಾರೆ ಎನ್ನುತ್ತಿದ್ದ ಆ ಬ್ರೌಸರಿನದ್ದೇ ಹೊಸ ಆವೃತ್ತಿ ಬಂದಾಗ, ಅದು ತಾನೇ ಮೊದಲಿಗಿಂತ ಹೆಚ್ಚು ಒಪ್ಪಂದದ ಕಡೆ ವಾಲಿತ್ತು. ಹಳೆಯದರ ದೋಷಗಳನ್ನೇ ನಂಬಿಕೊಂಡು ಬರೆದ ಪುಟಗಳು ಅದರಲ್ಲಿ ಸೊಟ್ಟಗಾದವು. ಕಾಲೇಜಿನ ಸೈಟಿನಲ್ಲಿ ಪರದೆ ಅರ್ಧ ಸರಿದು ನಿಂತುಬಿಡುತ್ತಿತ್ತಂತೆ. ಯಜಮಾನರು ಫೋನ್ ಮಾಡಿದರು. ಹಿಂದಿನ ಮಾತು ಅವರೂ ಎತ್ತಲಿಲ್ಲ, ನಾನೂ ಎತ್ತಲಿಲ್ಲ. ಮಾಲೂರಿಗೆ ಹೋಗಿ ಪರದೆ ಕಿತ್ತುಹಾಕಿ, ಪುಟವನ್ನು ಹೊಸದಾಗಿ ಬರೆದುಕೊಟ್ಟೆ. ಅಡಿಯ ಸಾಲನ್ನು ಅಳಿಸುವಾಗ ಅವರು ಪಕ್ಕದಲ್ಲೇ ನಿಂತಿದ್ದರು, ಕಾಫಿ ತರಿಸಲೇ ಎಂದು ಕೇಳಿದರು.

ಶಿವಾರಪಟ್ಟಣದ ಆಕೆ ಒಂದು ದಿನ ಕೋಲಾರಕ್ಕೆ ಬಂದಿದ್ದರು. ಇಂಟರ್ನೆಟ್ಟಿನಲ್ಲಿ ಹುಡುಕುವ ಜಾಗದಲ್ಲಿ ಅವರ ಗಂಡನ ಹೆಸರನ್ನು ಕನ್ನಡದಲ್ಲಿ ಟೈಪ್ ಮಾಡಿದೆ. ಅವರ ಪುಟ ಬಂತು, ಒತ್ತು ದೀರ್ಘ ಎಲ್ಲ ಸರಿಯಾಗಿ ಕೂತ ಹೆಸರಿನೊಂದಿಗೆ. ಅದರ ಕೆಳಗೆ, ಆ ಗಂಡ ಕೆತ್ತಿದ ಮೂರ್ತಿಯಿದ್ದ ದೂರದ ಊರಿನ ದೇವಸ್ಥಾನವೊಂದರ ಬಗ್ಗೆ ಯಾರೋ ಕನ್ನಡದಲ್ಲಿ ಬರೆದದ್ದೂ ಬಂತು. ಅದರಲ್ಲೂ ಆ ಹೆಸರಿತ್ತು. ಆಕೆಗೆ ಅದು ಗೊತ್ತಿರಲಿಲ್ಲ. ಪೂರ್ತಿ ಓದಿಸಿಕೊಂಡರು. ಗೋಜಲು ಅಕ್ಷರಗಳಲ್ಲೇ ಉಳಿದಿದ್ದರೆ ಹೀಗೆ ಹುಡುಕಿದರೆ ಸಿಗುತ್ತಿರಲಿಲ್ಲ ಎಂದೆ. ಆಕೆ ಅದನ್ನು ಕೇಳಿಸಿಕೊಂಡಂತೆ ಕಾಣಲಿಲ್ಲ. ಇನ್ನೊಂದ್ ಸಲ ಓದಮ್ಮ ಎಂದರು.

ಗೆದ್ದೆ ಎಂದುಕೊಂಡಿದ್ದ ದಿನಗಳವು. ಅಷ್ಟರಲ್ಲಿ ಬೆರಳು ಸವರುವ ಹೊಸ ಫೋನುಗಳು ಬಂದವು. ಶ್ರೀನಿವಾಸಪುರದಲ್ಲಿ ಮಾವಿನ ತಿರುಳು ತೆಗೆಯುವ ಕಾರ್ಖಾನೆಯೊಂದರ ಮ್ಯಾನೇಜರು ನನ್ನನ್ನು ಕರೆಸಿದರು. ಯಾವ ತಳಿಯ ಹಣ್ಣು ಯಾವ ದಿನ ತೆಗೆದುಕೊಳ್ಳುತ್ತಾರೆ, ಗೇಟು ಎಷ್ಟು ಹೊತ್ತಿಗೆ ತೆರೆಯುತ್ತದೆ ಎಂಬುದನ್ನು ತಿಳಿಸುವ ಪುಟ ಬೇಕಾಗಿತ್ತು. ತಮ್ಮ ಹೊಸ ಫೋನ್ ತೆಗೆದು ಒಂದು ಪುಟ ತೋರಿಸಿದರು. ಚೌಕಗಳ ಮೂಲೆಗಳೆಲ್ಲ ದುಂಡು, ಒಂದು ಬಣ್ಣ ಇನ್ನೊಂದರಲ್ಲಿ ಕರಗಿತ್ತು. ನಾನು ಅದೇ ಪುಟವನ್ನು ಅವರ ಮೇಜಿನ ಕಂಪ್ಯೂಟರಿನಲ್ಲಿ ತೆರೆದೆ. ಹಿನ್ನೆಲೆಯ ಬಣ್ಣ ಬಾರದೆ ಬಿಳಿಯ ಮೇಲೆ ಬಿಳಿ ಅಕ್ಷರ, ಏನೂ ಕಾಣದು.

"ಇನ್ಮೇಲೆ ಎಲ್ರೂ ಈ ಫೋನೇ ಇಟ್ಕೊಳ್ತಾರೆ ಮೇಡಂ. ಇದಕ್ಕೊಂದಕ್ಕೆ ಮಾಡಿ ಸಾಕು" ಎಂದರು.

ಬ್ರೌಸರ್ ಬೇರೆ, ಮಾತು ಅದೇ. ಗೌನಿಪಲ್ಲಿಯ ಕಡೆಯಿಂದ ಟೆಂಪೋದಲ್ಲಿ ಹಣ್ಣು ತರುವವರ ಹತ್ತಿರ ಈ ಫೋನ್ ಇದೆಯೇ ಎಂದು ಕೇಳಿದೆ. ಇಲ್ಲ ಎಂದರು. ಹಾಗಾದರೆ ಗೇಟು ತೆರೆಯುವ ಹೊತ್ತನ್ನು ತಿಳಿಸುವುದು ಯಾರಿಗೆ ಎಂದೆ. ಅವರು ನಕ್ಕು, ಫೋನನ್ನು ಜೇಬಿಗಿಟ್ಟು, ಆಗಲ್ಲ ಅಂದರೆ ಬೇರೆಯವರನ್ನು ನೋಡ್ಕೋತೀನಿ ಎಂದರು. ನೋಡ್ಕೊಳ್ಳಿ ಎಂದು ಎದ್ದೆ. ಕೆಲಸ ಬೇರೆಯವರಿಗೇ ಹೋಯಿತು. ಬೇಸರವಾಗಲಿಲ್ಲವೆಂದರೆ ಸುಳ್ಳಾದೀತು.

ಮರುದಿನ ಕೋಲಾರದ ತರಗತಿಯಲ್ಲಿ ದುಂಡು ಮೂಲೆಯನ್ನೇ ಹೇಳಿಕೊಡುವುದಿತ್ತು. ಅಷ್ಟೊತ್ತಿಗೆ ಬ್ರೌಸರುಗಳು ಒಂದು ಮರ್ಯಾದೆ ಕಲಿತಿದ್ದವು. ಒಪ್ಪಂದವಾಗದ ಪದದ ಮುಂದೆ ಒಂದು ಅಡ್ಡಗೆರೆ ಎಳೆದು ತಮ್ಮ ಗುರುತು ಸೇರಿಸುತ್ತಿದ್ದವು, ಇದು ಸದ್ಯಕ್ಕೆ ನನ್ನೊಬ್ಬನದು ಎಂದು ಹೇಳುವ ಹಾಗೆ. ಬೋರ್ಡಿನ ಮೇಲೆ ಒಂದೊಂದು ಬ್ರೌಸರಿಗೂ ಒಂದೊಂದು ಸಾಲು ಬರೆದೆ. ಎಲ್ಲದರ ಕೆಳಗೆ ಗೆರೆಯೂ ಗುರುತೂ ಇಲ್ಲದ, ಎಲ್ಲರದೂ ಆಗಬೇಕಾದ ಸಾಲು. ಮುಂದಿನ ಬೆಂಚಿನ ಹುಡುಗಿ, ಒಂದು ಮೂಲೆಗೆ ಇಷ್ಟೊಂದು ಸಾಲು ಯಾಕೆ ಮೇಡಂ, ಜಾಸ್ತಿ ಜನ ಬಳಸೋದೊಂದನ್ನ ಬರೆದರೆ ಸಾಲದೇ ಎಂದಳು.

"ಈಗ ಎಲ್ಲಾನೂ ಬರಿ. ಮುಂದೆ ಬ್ರೌಸರಿನವರು ಒಪ್ಕೊಂಡ ಹಾಗೆಲ್ಲ ಮೇಲಿನವನ್ನ ಒಂದೊಂದಾಗಿ ಅಳಿಸು" ಎಂದೆ. "ಕೆಳಗಿನ ಸಾಲನ್ನ ಮಾತ್ರ ಯಾರು ಹೇಳಿದ್ರೂ ಅಳಿಸ್ಬೇಡ."

ಅವಳು ಬರೆದುಕೊಂಡಳು.